ಒಂದು ಪಾಳೆಯ, ಇಬ್ಬರು ನಾಯಕರು

ಹರಪನಹಳ್ಳಿಯ ಸೀಮೆಯಲ್ಲಿ ಓಡಾಡಿದವರಿಗೆ ಉಚ್ಚಂಗಿದುರ್ಗದ ಪರಿಚಯ ಇದ್ದೇ ಇರುತ್ತದೆ. ಆದರೆ ಉಚ್ಚಂಗೆಮ್ಮನ ದರ್ಶನಕ್ಕೆಂದು ಮೆಟ್ಟಿಲೇರುವ ಭಕ್ತರು ತಾವು ಹತ್ತುತ್ತಿರುವುದು ಒಂದು ಕಾಲದ ರಾಜಧಾನಿಯನ್ನು ಎಂಬುದನ್ನು ನೆನೆಯುವುದು ಅಪೂರ್ವ. ಹನ್ನೆರಡನೆಯ ಶತಮಾನದಲ್ಲಿ ನೊಳಂಬವಾಡಿ ಮೂವತ್ತೆರಡು ಸಾವಿರವನ್ನು ಇಲ್ಲಿಂದ ಆಳಿದವರು ಪಾಂಡ್ಯರು. ದ್ವಾರಸಮುದ್ರದ ಹೊಯ್ಸಳರಂತೆ ಅವರೂ ಕಲ್ಯಾಣದ ಚಾಲುಕ್ಯರ ಮಾಂಡಲಿಕರು. ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನಿಗೆ ತ್ರಿಭುವನಮಲ್ಲನೆಂದು ಬಿರುದು. ಅದೇ ಹೆಸರನ್ನು ಉಚ್ಚಂಗಿಯ ತ್ರಿಭುವನಮಲ್ಲ ಪಾಂಡ್ಯನೂ ಧರಿಸಿದ. ಹೊಯ್ಸಳ ವಿಷ್ಣುವರ್ಧನನೂ ತನ್ನ ಶಾಸನಗಳಲ್ಲಿ ಕೆತ್ತಿಸಿದ. ಒಡೆಯನೊಬ್ಬ, ಬಿರುದೊಂದು, ಅದನ್ನು ಹೊತ್ತ ವೀರರು ಮಾತ್ರ ಇಬ್ಬರು. ಮುಂದೆ ವಿಷ್ಣುವರ್ಧನನ ಬಿರುದಾವಳಿಯಲ್ಲಿ ಉಚ್ಚಂಗಿಯನ್ನು ಗೆದ್ದವನೆಂಬ ಮಾತೂ ಸೇರಿತು. ಅವನ ಮೊಮ್ಮಗ ಇಮ್ಮಡಿ ಬಲ್ಲಾಳ 1177ರಲ್ಲಿ ಈ ದುರ್ಗವನ್ನು ಕಾಮದೇವ ಪಾಂಡ್ಯನಿಂದ ಗೆದ್ದುಕೊಂಡು ಗಿರಿದುರ್ಗಮಲ್ಲನೆನಿಸಿದ.

ಒಂದೇ ಪಕ್ಷದ ಇಬ್ಬರು ಸಮರ್ಥರ ನಡುವೆ ಹುಟ್ಟುವ ಇಂಥ ಸ್ಪರ್ಧೆ ಶಾಸನಗಳ ಕಾಲಕ್ಕೇ ಮುಗಿಯಿತೆಂದು ತಿಳಿಯಬೇಕಾಗಿಲ್ಲ. ನಮ್ಮ ಕಾಲಕ್ಕೆ ತೀರ ಸಮೀಪದಲ್ಲಿ, ಆಟದ ಬಯಲಿನಲ್ಲಿ ನಡೆದ ಒಂದು ಪ್ರಸಂಗವನ್ನು ಇದರ ಪಕ್ಕದಲ್ಲಿಟ್ಟು ನೋಡೋಣ.

ಭಾರತದ ಹಾಕಿ ತಂಡ 1928ರಿಂದ 1964ರವರೆಗೆ ಎಂಟು ಒಲಿಂಪಿಕ್ ಕೂಟಗಳಲ್ಲಿ ಆಡಿ ಏಳು ಚಿನ್ನ, ಒಂದು ಬೆಳ್ಳಿ ಗಳಿಸಿತ್ತು. ಅದಕ್ಕಿಂತ ಕೆಳಗಿನ ಸ್ಥಾನವನ್ನು ಅದು ಕಂಡದ್ದೇ ಇಲ್ಲ. 1960ರಲ್ಲಿ ರೋಮಿನಲ್ಲಿ ಪಾಕಿಸ್ತಾನಕ್ಕೆ ಸೋತುಕೊಂಡ ಚಿನ್ನವನ್ನು 1964ರಲ್ಲಿ ಟೋಕಿಯೊದಲ್ಲಿ ಮರಳಿ ಪಡೆದ ತಂಡದ ನಾಯಕ ಚರಣಜಿತ್ ಸಿಂಗ್. ಆ ತಂಡದ ರಕ್ಷಣಾಪಂಕ್ತಿಯಲ್ಲಿ ಇಬ್ಬರು ಪ್ರಸಿದ್ಧರಿದ್ದರು. ಒಬ್ಬರು ಪೃಥಿಪಾಲ್ ಸಿಂಗ್. ಪೆನಾಲ್ಟಿ ಕಾರ್ನರಿನಲ್ಲಿ ಅವರ ಹೊಡೆತವೆಂದರೆ ಎದುರಾಳಿಗಳಿಗೆ ನಡುಕ. ಟೋಕಿಯೊದಲ್ಲಿ ನಮ್ಮ ತಂಡದಿಂದ ಅತಿ ಹೆಚ್ಚು ಗೋಲು ಹೊಡೆದವರು ಅವರೇ. ಇನ್ನೊಬ್ಬರು ಕಲ್ಕತ್ತೆಯ ಬಯಲುಗಳಲ್ಲಿ ಹೆಸರಾದ ಗುರ್‌ಬಕ್ಷ್ ಸಿಂಗ್. ಚೆಂಡನ್ನು ಕಸಿಯುವುದರಲ್ಲಿ ನಾಜೂಕು, ನಿಂತ ಜಾಗದ ಅರಿವು, ಇವು ಅವರ ಆಟದ ಗುಣಗಳು. ಇಬ್ಬರೂ ಫುಲ್‌ಬ್ಯಾಕ್‌ಗಳು. ಆ ಸ್ಥಾನದ ಧರ್ಮವೇ ವಿಶಿಷ್ಟವಾದುದು. ಒಬ್ಬ ಮುನ್ನುಗ್ಗಿದರೆ ಇನ್ನೊಬ್ಬ ಹಿಂದೆ ನಿಂತು ತೆರವಾದ ಜಾಗವನ್ನು ಕಾಯಬೇಕು. ಇದು ಮಾತಿಲ್ಲದೆ ನಡೆಯುವ ಒಪ್ಪಂದ. ಅಲ್ಲಿ ವಿಶ್ವಾಸ ಸಡಿಲಿದರೆ ಗೋಲುಕಾವಲಿನವನೊಬ್ಬನೇ ಉಳಿದಂತೆ.

1968ರ ಮೆಕ್ಸಿಕೊ ಒಲಿಂಪಿಕ್ಸಿಗೆ ತಂಡ ಹೊರಡುವಾಗ ನಾಯಕತ್ವ ಯಾರಿಗೆ ಎಂಬ ಪ್ರಶ್ನೆ ಎದ್ದಿತು. ಹಾಕಿಯ ಆಡಳಿತ ನಡೆಸುತ್ತಿದ್ದವರು ಕೊಟ್ಟ ಉತ್ತರ ವಿಚಿತ್ರವಾದುದು: ಇಬ್ಬರೂ ನಾಯಕರು! ಜಂಟಿ ನಾಯಕತ್ವವೆಂಬ ಈ ಏರ್ಪಾಟು ಹೊರಬಿದ್ದ ಕ್ಷಣದಿಂದಲೇ ವದಂತಿಗೆ ರೆಕ್ಕೆ ಮೂಡಿತು. ತಂಡದಲ್ಲಿ ಎರಡು ಗುಂಪುಗಳಿವೆ, ಒಬ್ಬರ ಕಡೆಯವರು ಇನ್ನೊಬ್ಬರ ಮಾತನ್ನು ಕೇಳುವುದಿಲ್ಲ ಎಂದು ಜನ ಆಡಿಕೊಂಡರು.

ಮೆಕ್ಸಿಕೊದಲ್ಲಿ ಮೊದಲ ಪಂದ್ಯದಲ್ಲಿಯೇ ನ್ಯೂಜಿಲೆಂಡ್ ನಮ್ಮನ್ನು 2-1ರಿಂದ ಸೋಲಿಸಿತು. ಅನಂತರ ತಂಡ ಚೇತರಿಸಿಕೊಂಡು ಗುಂಪಿನ ಉಳಿದ ಪಂದ್ಯಗಳನ್ನೆಲ್ಲ ಗೆದ್ದಿತು. ಆದರೆ ಸೆಮಿಫೈನಲಿನಲ್ಲಿ ಆಸ್ಟ್ರೇಲಿಯಾ ಹೆಚ್ಚುವರಿ ಅವಧಿಯಲ್ಲಿ 2-1ರಿಂದ ಜಯಿಸಿತು. ಪಶ್ಚಿಮ ಜರ್ಮನಿಯನ್ನು ಅದೇ ಅಂತರದಿಂದ ಮಣಿಸಿ ತಂದದ್ದು ಕಂಚು. ಹಾಕಿಯಲ್ಲಿ ಭಾರತ ಕಂಚಿನ ಪದಕಕ್ಕೆ ಇಳಿದದ್ದು ಅದೇ ಮೊದಲು.

ಸೋಲಿಗೆ ಕಾರಣ ಹುಡುಕುವವರಿಗೆ ದೂರ ಹೋಗಬೇಕಾಗಲಿಲ್ಲ. ಬೆಂಕಿಯಿಲ್ಲದೆ ಹೊಗೆಯಾಡೀತೆ ಎಂದು ಎಲ್ಲರೂ ಇಬ್ಬರು ನಾಯಕರ ಕಡೆಗೆ ಬೆರಳು ತೋರಿದರು. ಆದರೆ ಚರಿತ್ರೆಯ ವಿದ್ಯಾರ್ಥಿ ಇಲ್ಲಿ ಒಂದು ಗಳಿಗೆ ನಿಲ್ಲಬೇಕು. ಸೋತ ಎರಡು ಪಂದ್ಯಗಳಲ್ಲಿಯೂ ಅಂತರ ಒಂದೊಂದೇ ಗೋಲು. ಅದರಲ್ಲಿ ಒಂದಕ್ಕೆ ಹೆಚ್ಚುವರಿ ಅವಧಿಯೂ ಬೇಕಾಯಿತು. ಆ ಹೊತ್ತಿಗೆ ಆಸ್ಟ್ರೇಲಿಯಾ, ಜರ್ಮನಿ, ನ್ಯೂಜಿಲೆಂಡುಗಳ ಆಟ ಬಲಿತಿತ್ತು. ಪಾಕಿಸ್ತಾನ ಆ ಕೂಟದ ಚಿನ್ನವನ್ನೇ ಗೆದ್ದಿತು. ನಮ್ಮ ನಾಯಕರಿಬ್ಬರು ಅಣ್ಣತಮ್ಮಂದಿರಂತೆ ಇದ್ದಿದ್ದರೂ ಆ ಒಂದು ಗೋಲು ತಪ್ಪುತ್ತಿರಲಿಲ್ಲವೇನೋ! ಮನಸ್ತಾಪವೇ ಸೋಲಿಗೆ ಕಾರಣವೆಂದು ಹೇಳುವುದು ಸುಲಭ, ತೋರಿಸಿಕೊಡುವುದು ಕಷ್ಟ.

ಹಾಗಾದರೆ ವದಂತಿಗೆ ಬೆಲೆಯೇ ಇಲ್ಲವೆ? ಉಂಟು. ಅದು ಇಬ್ಬರ ಹೃದಯದ ಸುದ್ದಿಯನ್ನು ಹೇಳದಿದ್ದರೂ ಅವರನ್ನು ಕೂರಿಸಿದ ಪೀಠದ ಸುದ್ದಿಯನ್ನು ಹೇಳುತ್ತದೆ. ಪಂದ್ಯದ ನಡುವೆ ಪೆನಾಲ್ಟಿ ಕಾರ್ನರನ್ನು ಯಾರು ಹೊಡೆಯಬೇಕು, ದಣಿದವನ ಜಾಗಕ್ಕೆ ಯಾರು ಬರಬೇಕು, ತೀರ್ಪುಗಾರರೊಡನೆ ಯಾರು ಮಾತಾಡಬೇಕು, ಇವೆಲ್ಲ ಕ್ಷಣಾರ್ಧದಲ್ಲಿ ಆಗಬೇಕಾದ ನಿರ್ಣಯಗಳು. ಹಿರಿಯರು ತಾವು ಮಾಡಬೇಕಾಗಿದ್ದ ಒಂದು ಕಠಿಣವಾದ ಆಯ್ಕೆಯನ್ನು ಮಾಡದೆ, ಅದರ ಭಾರವನ್ನು ಆಟಗಾರರ ಹೆಗಲಿಗೆ ಜಾರಿಸಿದರು. ಇಬ್ಬರನ್ನೂ ಮೆಚ್ಚಿಸುವ ಈ ಉಪಾಯದಿಂದ ಇಬ್ಬರಿಗೂ ನ್ಯಾಯ ದೊರೆಯಲಿಲ್ಲ. ಟೋಕಿಯೊದಲ್ಲಿ ಅವರ ಆಟವನ್ನು ಮೆಚ್ಚಿದ್ದ ಜನ ಮೆಕ್ಸಿಕೊದ ನಂತರ ಅವರ ಜಗಳವನ್ನು ಮಾತ್ರ ನೆನಪಿಟ್ಟುಕೊಂಡರು.

ಮುಂದಿನ ವರ್ಷಗಳಲ್ಲಿ ಈ ಪ್ರಯೋಗ ಮರುಕಳಿಸಲಿಲ್ಲ. 1973ರ ವಿಶ್ವಕಪ್ಪಿನಲ್ಲಿ ನಮ್ಮ ಕೊಡಗಿನ ಎಂ. ಪಿ. ಗಣೇಶ್ ಒಬ್ಬರೇ ನಾಯಕರು. ಹಾಲೆಂಡಿನೆದುರು ಅಂತಿಮ ಪಂದ್ಯ ಸಮನಾಗಿ, ಪೆನಾಲ್ಟಿ ಹೊಡೆತಗಳಲ್ಲಿ ಕೈತಪ್ಪಿತು. ನೋವು ಆಯಿತು; ಗುಸುಗುಸು ಇರಲಿಲ್ಲ. ಮೆಕ್ಸಿಕೊದಲ್ಲಿ ತರುಣನಾಗಿ ಆಡಿದ್ದ ಅಜಿತ್‌ಪಾಲ್ ಸಿಂಗ್ 1975ರಲ್ಲಿ ಕ್ವಾಲಾಲಂಪುರದಲ್ಲಿ ತಂಡವನ್ನು ಮುನ್ನಡೆಸಿ ವಿಶ್ವಕಪ್ಪನ್ನು ಗೆದ್ದರು.

ಪೃಥಿಪಾಲ್ 1983ರ ಮೇ ತಿಂಗಳಿನಲ್ಲಿ ಲೂಧಿಯಾನದ ಕೃಷಿ ವಿಶ್ವವಿದ್ಯಾನಿಲಯದ ಆವರಣದಲ್ಲಿ ಗುಂಡಿಗೆ ಬಲಿಯಾದರು. ಅವರಿಗೂ ಗುರ್‌ಬಕ್ಷರಿಗೂ ಇದ್ದದ್ದು ಎಷ್ಟು ಮನಸ್ತಾಪ, ಎಷ್ಟು ಜನರ ಬಾಯಿಮಾತು ಎಂಬುದನ್ನು ತೂಗಲು ನಮ್ಮಲ್ಲಿ ತಕ್ಕಡಿಯಿಲ್ಲ. ಉಚ್ಚಂಗಿಯ ಪಾಂಡ್ಯನಿಗೂ ದ್ವಾರಸಮುದ್ರದ ಹೊಯ್ಸಳನಿಗೂ ನಡುವೆ ಕುದಿದದ್ದನ್ನೂ ನಾವು ಗೆದ್ದವರ ಬಿರುದಾವಳಿಯಿಂದಲೇ ಊಹಿಸಬೇಕಾಗಿದೆ. ಆದರೆ ಒಂದು ಬಿರುದನ್ನು ಇಬ್ಬರು ಹೊತ್ತಾಗ, ಲೋಕವು ಅವರಿಬ್ಬರನ್ನೇ ದೂರುತ್ತದೆ. ಹೊರಿಸಿದ ಕೈಯನ್ನು ಮರೆತುಬಿಡುತ್ತದೆ. ಆ ಕೈ ಯಾರದೆಂದು ಕೇಳುವ ಕೆಲಸ ಚರಿತ್ರೆ ಬರೆಯುವವರದು.