ಬೆಲೆಗಿಂತ ಮೊದಲು ಲಿಪಿ: ಮಧ್ಯ ಮತ್ತು ಉತ್ತರ ಇಂಗ್ಲೆಂಡಿನ ಕನ್ನಡ ಸಂಘಗಳ ವಾರ್ತಾಪತ್ರಕ್ಕೆ ತಂತ್ರಾಂಶದ ಆಯ್ಕೆ

1. ಪೀಠಿಕೆ

ಬರ್ಮಿಂಗ್‌ಹ್ಯಾಮ್, ಮ್ಯಾಂಚೆಸ್ಟರ್, ಲೀಡ್ಸ್ ನಗರಗಳ ಆಸುಪಾಸಿನಲ್ಲಿ ನೆಲೆ ನಿಂತ ಕನ್ನಡಿಗರಲ್ಲಿ ಮೊದಲ ತಲೆಮಾರಿನ ಅನೇಕರು ರಾಷ್ಟ್ರೀಯ ಆರೋಗ್ಯ ಸೇವೆಯ ವೈದ್ಯರು. ಆಮೇಲೆ ಮಾಹಿತಿ ತಂತ್ರಜ್ಞಾನದ ಉದ್ಯೋಗಿಗಳೂ ವಿದ್ಯಾರ್ಥಿಗಳೂ ಬಂದು ಸೇರಿಕೊಂಡರು. 1983ರಲ್ಲಿ ಸ್ಥಾಪನೆಯಾದ ಕನ್ನಡ ಬಳಗ ಯು.ಕೆ. ಮತ್ತು ಅದರ ನಂತರ ಹುಟ್ಟಿದ ಸಂಘಗಳು ಯುಗಾದಿ, ದೀಪಾವಳಿ, ರಾಜ್ಯೋತ್ಸವಗಳ ನೆಪದಲ್ಲಿ ಈ ಜನರನ್ನು ಒಂದೆಡೆ ಕೂಡಿಸುತ್ತ ಬಂದಿವೆ. ಇಂಥ ಸಂಘಗಳಲ್ಲಿ ಸಂಬಳದ ನೌಕರರು ಇರುವುದು ಅಪರೂಪ. ವಾರ್ತಾಪತ್ರದ ಕೆಲಸ ಯಾರೋ ಒಬ್ಬ ಕಾರ್ಯದರ್ಶಿಯ ಅಥವಾ ಸಂಪಾದಕರ ಬಿಡುವಿನ ವೇಳೆಗೆ ಬೀಳುತ್ತದೆ. ಹಾಗಾಗಿ ತಂತ್ರಾಂಶವನ್ನು ಆರಿಸುವಾಗ ಮೊದಲು ಏಳುವ ಪ್ರಶ್ನೆ ಬೆಲೆಯದು.

ಕನ್ನಡದ ವಾರ್ತಾಪತ್ರಕ್ಕೆ ಈ ಪ್ರಶ್ನೆ ಸಾಲದು ಎಂಬುದು ಪ್ರಸ್ತುತ ಲೇಖನದ ವಾದ. ತಂತ್ರಾಂಶವು ಕನ್ನಡ ಅಕ್ಷರವನ್ನು ಸರಿಯಾಗಿ ಜೋಡಿಸುತ್ತದೆಯೇ, ಕಡತವು ಮುಂದಿನ ಸಂಪಾದಕರ ಕೈಯಲ್ಲೂ ತೆರೆದುಕೊಳ್ಳುತ್ತದೆಯೇ, ಸಂಚಿಕೆ ದಾಖಲೆಯಾಗಿ ಉಳಿಯುತ್ತದೆಯೇ ಎಂಬ ಮೂರು ಪರೀಕ್ಷೆಗಳನ್ನು ಮೊದಲು ಮಾಡಬೇಕು. ಬೆಲೆಯ ಲೆಕ್ಕ ಅದಾದ ಮೇಲಿನದು. ಈ ವಾದಕ್ಕೆ ತಂತ್ರಾಂಶಗಳ ಇತಿಹಾಸ, ಅವುಗಳ ಕಾರ್ಯವಿಧಾನ ಮತ್ತು ಇಂಗ್ಲೆಂಡಿನ ಕಾನೂನುಗಳೇ ಆಧಾರ.

2. ಪ್ರಾದೇಶಿಕ ಹಿನ್ನೆಲೆ

ಅಗ್ಗದ ಸಮುದಾಯ ಮುದ್ರಣ ಈ ಪ್ರದೇಶಕ್ಕೆ ಹೊಸದಲ್ಲ. 1974ರಲ್ಲಿ ಲೀಡ್ಸ್‌ನಲ್ಲಿ ಆರಂಭವಾದ 'ಲೀಡ್ಸ್ ಅದರ್ ಪೇಪರ್' ದೊಡ್ಡ ಪತ್ರಿಕೆಗಳು ಗಮನಿಸದ ಸುದ್ದಿಯನ್ನು ಅಚ್ಚು ಹಾಕುತ್ತ ಸುಮಾರು ಎರಡು ದಶಕ ನಡೆಯಿತು. ಪುಟವಿನ್ಯಾಸ ಕಂಪ್ಯೂಟರಿಗೆ ಬಂದ ಕಾಲದಲ್ಲೂ ಇದೇ ಪ್ರದೇಶದ ಕೊಡುಗೆ ಗಮನಾರ್ಹ. ನಾಟಿಂಗ್‌ಹ್ಯಾಮ್‌ನಲ್ಲಿ 1987ರಲ್ಲಿ ಸ್ಥಾಪನೆಯಾದ ಸೆರಿಫ್ ಕಂಪನಿಯು ದುಬಾರಿ ಪುಟವಿನ್ಯಾಸ ತಂತ್ರಾಂಶವಾದ ಪೇಜ್‌ಮೇಕರ್‌ಗೆ ಎದುರಾಗಿ ಕಡಿಮೆ ಬೆಲೆಯ 'ಪೇಜ್‌ಪ್ಲಸ್' ತಂದಿತು. ಅದೇ ಕಂಪನಿ 2019ರ ಜೂನ್‌ನಲ್ಲಿ 'ಅಫಿನಿಟಿ ಪಬ್ಲಿಷರ್' ಬಿಡುಗಡೆ ಮಾಡಿದಾಗ, ಚಂದಾ ಕಟ್ಟಿ ಬಳಸಬೇಕಾದ ಇನ್‌ಡಿಸೈನ್‌ಗೆ ಬದಲಾಗಿ ಒಮ್ಮೆ ಹಣ ಕೊಟ್ಟು ಕೊಳ್ಳಬಹುದಾದ ತಂತ್ರಾಂಶ ಸಿಕ್ಕಿತೆಂದು ಸಣ್ಣ ಪ್ರಕಾಶಕರು ಸಂತೋಷಪಟ್ಟರು. 2024ರಲ್ಲಿ ಆಸ್ಟ್ರೇಲಿಯಾದ ವಿನ್ಯಾಸ ತಂತ್ರಾಂಶ ಕಂಪನಿ ಕ್ಯಾನ್ವಾ ಸೆರಿಫ್ ಅನ್ನು ಕೊಂಡಿತು. 2025ರ ಅಕ್ಟೋಬರ್ ಕೊನೆಯಲ್ಲಿ ಅಫಿನಿಟಿ ಉಚಿತವಾಯಿತು.

ಬೆಲೆಯೊಂದನ್ನೇ ನೋಡಿದರೆ ನಮ್ಮ ಹುಡುಕಾಟ ನಾಟಿಂಗ್‌ಹ್ಯಾಮ್‌ನಲ್ಲೇ ಮುಗಿಯಬೇಕಿತ್ತು. ಆದರೆ ಅಫಿನಿಟಿಯ ಮೊದಲ ಎರಡು ಆವೃತ್ತಿಗಳು ಭಾರತೀಯ ಲಿಪಿಗಳನ್ನು ಜೋಡಿಸಲಾರದವು. ಅವುಗಳಲ್ಲಿ ಯೂನಿಕೋಡ್ ಕನ್ನಡವನ್ನು ಅಂಟಿಸಿದರೆ ಒತ್ತಕ್ಷರ ಬಿಡಿಬಿಡಿಯಾಗಿ ಬೀಳುತ್ತಿತ್ತು. ಇಂಗ್ಲಿಷ್ ವಾರ್ತಾಪತ್ರ ತರುವ ನೆರೆಯ ಸಂಘಕ್ಕೆ ಉತ್ತಮವಾದ ಆಯ್ಕೆ ಕನ್ನಡ ಸಂಘಕ್ಕೆ ಕೆಲಸಕ್ಕೆ ಬಾರದ್ದಾಯಿತು.

3. ಲಿಪಿಯ ಪರೀಕ್ಷೆ

ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಿಂದಲೇ ಸ್ಥಾನವಿದೆ. ಆದರೆ ಅಲ್ಲಿ ದಾಖಲಾಗುವುದು ಅಕ್ಷರಗಳ ಕ್ರಮ ಮಾತ್ರ. 'ಸೂರ್ಯ' ಪದದ ಕೊನೆಯ ಅಕ್ಷರವನ್ನು ರ, ಹಲಂತ, ಯ ಎಂದು ಸಂಗ್ರಹಿಸಿಟ್ಟಿರುತ್ತದೆ. ಮೊದಲಿರುವ ರಕಾರವನ್ನು ಅರ್ಕಾವೊತ್ತಾಗಿ ಯಕಾರದ ಮುಂದಕ್ಕೆ ಒಯ್ಯುವುದು, 'ಅಮ್ಮ'ದ ಎರಡನೆಯ ಮಕಾರವನ್ನು ಕೆಳಗಿಳಿಸುವುದು, 'ಕೋ' ಎಂಬಲ್ಲಿ ಸ್ವರಚಿಹ್ನೆಯ ತುಂಡುಗಳನ್ನು ಅವುಗಳ ಜಾಗದಲ್ಲಿ ಕೂರಿಸುವುದು ಜೋಡಣಾ ಯಂತ್ರದ ಕೆಲಸ. ಈ ಯಂತ್ರವಿಲ್ಲದ ತಂತ್ರಾಂಶದಲ್ಲಿ ಫಾಂಟ್ ಎಷ್ಟೇ ಸುಂದರವಾಗಿದ್ದರೂ ಅಕ್ಷರ ಒಡೆಯುತ್ತದೆ.

ಪೇಜ್‌ಮೇಕರ್ ಕಾಲದಲ್ಲಿ ಈ ಕೊರತೆಯನ್ನು ದಾಟಲು ಒಂದು ಉಪಾಯ ಹುಟ್ಟಿತು. ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನದಲ್ಲಿ ಕನ್ನಡದ ತುಂಡುಗಳನ್ನು ಇಟ್ಟು ಫಾಂಟ್ ತಯಾರಿಸುವುದೇ ಆ ಉಪಾಯ. ಶ್ರೀಲಿಪಿ, 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ಬರಹ, ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ಈ ಹಾದಿಯಲ್ಲಿ ಕನ್ನಡ ಮುದ್ರಣವನ್ನು ಕಂಪ್ಯೂಟರಿಗೆ ತಂದವು. ಹೊರನಾಡಿನ ಸಂಘಗಳಿಗೆ ಆಗ ಉಚಿತವಾಗಿ ಸಿಗುತ್ತಿದ್ದ ಬರಹ ದೊಡ್ಡ ಆಸರೆ. ಆದರೆ ಹೀಗೆ ಬರೆದ ಪಠ್ಯ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗುತ್ತದೆ, ಹುಡುಕಿದರೆ ಸಿಗುವುದಿಲ್ಲ. ಊರಿನಿಂದ ಲೇಖನಗಳು ಇಂದಿಗೂ ಹಳೆಯ ನುಡಿ ಫಾಂಟ್‌ನಲ್ಲಿ ಬರುವುದುಂಟು. ಅವನ್ನು ಪರಿವರ್ತಕದಲ್ಲಿ ಹಾಯಿಸಿ, ಕರಡನ್ನು ಮತ್ತೊಮ್ಮೆ ಓದಿ ತಿದ್ದುವುದು ಸಂಪಾದಕರಿಗೆ ತಪ್ಪದ ಕೆಲಸ.

ಈ ತೊಡಕನ್ನು ಬಿಡಿಸಿದ್ದು ಮುಕ್ತ ತಂತ್ರಾಂಶ. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್‌ಗಳು ಬಳಸುವ ಹಾರ್ಫ್‌ಬಜ್ ಎಂಬ ಜೋಡಣಾ ಯಂತ್ರವನ್ನು 2017ರಲ್ಲಿ ಲಿಬ್ರೆಆಫೀಸ್ ತನ್ನ 5.3ನೇ ಆವೃತ್ತಿಯಿಂದ ಎಲ್ಲ ಕಾರ್ಯಾಚರಣ ವ್ಯವಸ್ಥೆಗಳಲ್ಲೂ ಅಳವಡಿಸಿಕೊಂಡಿತು. ಅದೇ ವರ್ಷ ಪುಟವಿನ್ಯಾಸದ ಸ್ಕ್ರೈಬಸ್ ತನ್ನ 1.5.3ನೇ ಪರೀಕ್ಷಾ ಆವೃತ್ತಿಯಲ್ಲಿ ಇದನ್ನು ತಂದಿತು. ಸ್ಕ್ರೈಬಸ್‌ಗೆ ಈ ಶಕ್ತಿ ಕೊಟ್ಟದ್ದು ಅರಬ್ಬಿ ಪುಟಗಳನ್ನು ಕಟ್ಟಲು ಹೊರಟ ಓಮಾನ್‌ನ ತಂಡವೊಂದು. ಒಂದು ಭಾಷೆಯವರು ತಮ್ಮ ಅಗತ್ಯಕ್ಕೆ ಮಾಡಿದ ಕೆಲಸ ಇನ್ನೊಂದು ಭಾಷೆಗೂ ದಕ್ಕಿತು. 2024ರ ಜನವರಿಯಲ್ಲಿ ಬಂದ ಸ್ಕ್ರೈಬಸ್ 1.6 ಸ್ಥಿರ ಆವೃತ್ತಿಯಲ್ಲಿ ಈ ಸೌಲಭ್ಯ ಎಲ್ಲರಿಗೂ ಲಭ್ಯವಾಗಿದೆ. ನೋಟೊ, ಅನೆಕ್ ಕನ್ನಡ, ಬಲೂ ತಮ್ಮ ಮೊದಲಾದ ಮುಕ್ತ ಪರವಾನಗಿಯ ಫಾಂಟ್‌ಗಳೂ ಇರುವುದರಿಂದ ಅಕ್ಷರಕ್ಕಾಗಿ ಹಣ ತೆರಬೇಕಿಲ್ಲ.

ವಿನ್ಯಾಸದಲ್ಲಿ ಎರಡು ಎಚ್ಚರ ಬೇಕು. ಒತ್ತಕ್ಷರ ಸಾಲಿನ ಕೆಳಗೆ ಇಳಿಯುವುದರಿಂದ ಇಂಗ್ಲಿಷ್‌ಗೆ ಸಾಕಾಗುವ ಸಾಲಂತರ ಕನ್ನಡಕ್ಕೆ ಇಕ್ಕಟ್ಟು. ಸಂಧಿ, ಸಮಾಸ, ಪ್ರತ್ಯಯಗಳಿಂದ ಉದ್ದವಾಗುವ ನಮ್ಮ ಪದಗಳನ್ನು ಕಿರಿದಾದ ಅಂಕಣದಲ್ಲಿ ಎರಡೂ ಅಂಚಿಗೆ ಸರಿಗಟ್ಟಿದರೆ ಪದಗಳ ನಡುವೆ ಕಿಂಡಿಗಳು ಬೀಳುತ್ತವೆ. ಎ4 ಹಾಳೆಯಲ್ಲಿ ಎರಡಕ್ಕಿಂತ ಹೆಚ್ಚು ಅಂಕಣ ಬೇಡ; ಎಡ ಅಂಚಿಗೆ ಮಾತ್ರ ಸರಿಗಟ್ಟಿದರೆ ಓದು ಸಲೀಸು.

4. ಕೈಬದಲಿನ ಪರೀಕ್ಷೆ

ಸಂಘದ ಸಂಪಾದಕರು ಬದಲಾಗುತ್ತಾರೆ, ತಂತ್ರಾಂಶಗಳೂ ಕಣ್ಮರೆಯಾಗುತ್ತವೆ. ಪೇಜ್‌ಪ್ಲಸ್ ಕಡತವನ್ನು ಅದೇ ಕಂಪನಿಯ ಅಫಿನಿಟಿ ತೆರೆಯಲಿಲ್ಲ. ಇಂಗ್ಲೆಂಡಿನ ಚರ್ಚು, ಶಾಲೆ, ಕ್ಲಬ್ಬುಗಳಲ್ಲಿ ಬಳಕೆಯಲ್ಲಿದ್ದ ಮೈಕ್ರೋಸಾಫ್ಟ್ ಪಬ್ಲಿಷರ್‌ಗೆ 2026ರ ಅಕ್ಟೋಬರ್‌ನ ನಂತರ ಬೆಂಬಲವಿಲ್ಲವೆಂದು ಆ ಕಂಪನಿಯೇ ಪ್ರಕಟಿಸಿದೆ. ಆ ಕಡತಗಳನ್ನು ಆಮದು ಮಾಡಿಕೊಳ್ಳುವ ಸೌಲಭ್ಯ ಲಿಬ್ರೆಆಫೀಸ್ ಡ್ರಾನಲ್ಲಿದೆ.

ಕ್ಯಾನ್ವಾ ನೋಂದಾಯಿತ ಸೇವಾಸಂಸ್ಥೆಗಳಿಗೆ ತನ್ನ ಪೂರ್ಣ ಸೌಲಭ್ಯವನ್ನು ಉಚಿತವಾಗಿ ಕೊಡುತ್ತದೆ. ಕಲಿಯಲು ಸುಲಭ, ಹಲವರು ಒಟ್ಟಿಗೆ ಕೆಲಸ ಮಾಡಬಹುದು. ಆದರೆ ಅದು ಕಂಪನಿ ಕೊಡುವ ರಿಯಾಯಿತಿ, ನಿಯಮ ಬದಲಾದ ದಿನ ಅದೂ ಬದಲಾದೀತು. ಮೇಲಂಚೆ ಸೇವೆ ಮೇಲ್‌ಚಿಂಪ್‌ನ ಉಚಿತ ಯೋಜನೆಯಲ್ಲಿ ಹಿಂದೆ 2,000 ವಿಳಾಸಗಳಿಗೆ ಅವಕಾಶವಿತ್ತು. 2023ರಲ್ಲಿ ಅದನ್ನು 500ಕ್ಕೆ ಇಳಿಸಲಾಯಿತು. ಉಚಿತವೆಂದು ನಂಬಿದ್ದ ಸಂಘಗಳು ಹಣ ಕಟ್ಟಬೇಕಾಯಿತು, ಇಲ್ಲವೇ ಗಂಟುಮೂಟೆ ಕಟ್ಟಬೇಕಾಯಿತು. ಮುಕ್ತ ತಂತ್ರಾಂಶದ ಹಳೆಯ ಆವೃತ್ತಿಯನ್ನು ಹೀಗೆ ಯಾರೂ ಹಿಂದಕ್ಕೆ ಪಡೆಯಲಾರರು. ಅಲ್ಲಿ ತೆರಬೇಕಾದ ಬೆಲೆ ಕಲಿಕೆಯ ಸಮಯ.

5. ರವಾನೆ ಮತ್ತು ಕಾನೂನು

ಸದಸ್ಯರೆಲ್ಲರ ಮೇಲಂಚೆ ವಿಳಾಸವನ್ನು ಗುಪ್ತಪ್ರತಿಯ (ಬಿಸಿಸಿ) ಜಾಗದಲ್ಲಿ ತುಂಬಿ ಕಳಿಸುವ ಅಭ್ಯಾಸ ಅಪಾಯಕಾರಿ. ಒಂದು ತಪ್ಪು ಒತ್ತಿನಿಂದ ಎಲ್ಲರ ವಿಳಾಸವೂ ಎಲ್ಲರಿಗೂ ಕಾಣುತ್ತದೆ. ಇದನ್ನು ನೆಚ್ಚಬೇಡಿ ಎಂಬುದು ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿಯ ಸಲಹೆಯೂ ಹೌದು. ಸದಸ್ಯತ್ವ, ದೇಣಿಗೆ, ಕಾರ್ಯಕ್ರಮಗಳ ಪ್ರಚಾರಪತ್ರಕ್ಕೆ 2003ರ ಇಲೆಕ್ಟ್ರಾನಿಕ್ ಸಂಪರ್ಕ ನಿಯಮಗಳು ಅನ್ವಯಿಸುತ್ತವೆ. ಸ್ವೀಕರಿಸುವವರ ಒಪ್ಪಿಗೆ ಬೇಕೆಂಬುದು ಅವುಗಳ ಮೂಲತತ್ತ್ವ. 2025ರ ದತ್ತಾಂಶ ಬಳಕೆ ಕಾಯ್ದೆ ಸೇವಾಸಂಸ್ಥೆಗಳಿಗೆ ಕೆಲವು ಷರತ್ತುಗಳೊಡನೆ ಇದನ್ನು ಸಡಿಲಿಸಿದೆ; ಪಟ್ಟಿಯಿಂದ ಹೊರಹೋಗುವ ದಾರಿಯನ್ನು ಪ್ರತಿ ಪತ್ರದಲ್ಲೂ ಕೊಡಲೇಬೇಕು. ಮೇಲಂಚೆ ಸೇವೆ ಬ್ರೆವೊದ ಉಚಿತ ಯೋಜನೆಯಾಗಲಿ, ಮುಕ್ತ ತಂತ್ರಾಂಶವಾದ ಪಿಎಚ್‌ಪಿಲಿಸ್ಟ್ ಆಗಲಿ ಆ ಕೊಂಡಿಯನ್ನು ತಾವೇ ಸೇರಿಸುತ್ತವೆ.

ಕನ್ನಡಕ್ಕೆ ಇಲ್ಲೊಂದು ವಿಶೇಷ ತೊಡಕಿದೆ. ಸುಮಾರು 102 ಕಿಲೋಬೈಟ್ ದಾಟಿದ ಪತ್ರವನ್ನು ಜಿಮೇಲ್ ಮಧ್ಯದಲ್ಲೇ ಕತ್ತರಿಸಿ ತೋರಿಸುತ್ತದೆ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕಾದರೆ ಯೂನಿಕೋಡ್‌ನ ರೂಢಿಯ ಸಂಕೇತನದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು. ಅಂದರೆ ಕನ್ನಡ ಪತ್ರ ಆ ಮಿತಿಯನ್ನು ಬೇಗ ಮುಟ್ಟುತ್ತದೆ. ಸಂಚಿಕೆಯನ್ನು ಪೂರ್ತಿ ಪತ್ರದೊಳಗೆ ತುರುಕದೆ, ಸಾರಾಂಶವನ್ನೂ ಪಿಡಿಎಫ್‌ನ ಕೊಂಡಿಯನ್ನೂ ಕಳಿಸುವುದು ಲೇಸು.

6. ದಾಖಲೆಯ ಪರೀಕ್ಷೆ

ವಾರ್ತಾಪತ್ರ ಸಮುದಾಯದ ಚರಿತ್ರೆಯ ಆಕರ. ಯಾವ ಊರಿನಲ್ಲಿ ಯಾವ ನಾಟಕ ನಡೆಯಿತು, ಯಾರ ಮಗು ಕನ್ನಡ ಕಲಿಯಿತು, ಯಾರು ತೀರಿಕೊಂಡರು ಎಂಬುದು ಬೇರೆಲ್ಲೂ ಬರೆದಿರುವುದಿಲ್ಲ. 2003ರ ಕಾನೂನುಬದ್ಧ ಠೇವಣಿ ಗ್ರಂಥಾಲಯಗಳ ಕಾಯ್ದೆಯ ಪ್ರಕಾರ ಬ್ರಿಟನ್ನಿನಲ್ಲಿ ಅಚ್ಚಾಗಿ ಪ್ರಕಟವಾದ ಕೃತಿಯ ಒಂದು ಪ್ರತಿ ತಿಂಗಳೊಳಗೆ ಬ್ರಿಟಿಷ್ ಲೈಬ್ರರಿಗೆ ಸೇರಬೇಕು. ಅದನ್ನು ಸ್ವೀಕರಿಸುವ ಕಚೇರಿ ಲೀಡ್ಸ್‌ಗೆ ಹತ್ತಿರದ ಬಾಸ್ಟನ್ ಸ್ಪಾದಲ್ಲಿದೆ. ಯೂನಿಕೋಡ್‌ನಲ್ಲಿ ರಚಿಸಿದ ಮೂಲಪಠ್ಯ, ಬಳಸಿದ ಫಾಂಟ್, ವಿನ್ಯಾಸದ ಕಡತ, ಪಿಡಿಎಫ್ ಈ ನಾಲ್ಕನ್ನೂ ಸಂಘ ತಾನೂ ಕಾದಿಡಬೇಕು. ಪಿಡಿಎಫ್ ಮಾತ್ರ ಇಟ್ಟರೆ ಸಾಲದು, ಅದರಿಂದ ನಕಲಿಸಿದ ಕನ್ನಡ ಎಷ್ಟೋ ಸಲ ಕಲಸಿಹೋಗಿರುತ್ತದೆ.

7. ಉಪಸಂಹಾರ

ಮೂರು ಪರೀಕ್ಷೆಗಳನ್ನೂ ಒಟ್ಟಾಗಿ ನೋಡಿದರೆ, ನಾಲ್ಕೆಂಟು ಪುಟದ ಸರಳ ಸಂಚಿಕೆಗೆ ಲಿಬ್ರೆಆಫೀಸ್ ರೈಟರ್, ಚಿತ್ರಗಳು ಹೆಚ್ಚಿರುವ ಅಚ್ಚಿನ ಸಂಚಿಕೆಗೆ ಸ್ಕ್ರೈಬಸ್ 1.6 ಸೂಕ್ತ. ಕ್ಯಾನ್ವಾ ಆಹ್ವಾನಪತ್ರ, ಭಿತ್ತಿಪತ್ರಗಳಿಗೆ ಇರಲಿ. ಹೊಸ ಉಚಿತ ಅಫಿನಿಟಿಯನ್ನು ಒಪ್ಪುವ ಮೊದಲು 'ಸೂರ್ಯ', 'ರಾಷ್ಟ್ರ', 'ಸ್ವಾತಂತ್ರ್ಯ' ಎಂಬ ಮೂರು ಪದಗಳನ್ನು ಟೈಪಿಸಿ ನೋಡುವುದು ಒಳ್ಳೆಯದು. ಆ ಪದಗಳು ಒಡೆಯದೆ ಮೂಡದಿದ್ದರೆ ಅದು ಉಚಿತವಾಗಿದ್ದೂ ಕನ್ನಡಕ್ಕೆ ಪ್ರಯೋಜನವಿಲ್ಲ. ಈ ಭಾಗದ ಕನ್ನಡ ಸಂಘಗಳು ತಮ್ಮ ಹಳೆಯ ಸಂಚಿಕೆಗಳನ್ನು ಕಲೆಹಾಕಿ ಯೂನಿಕೋಡ್‌ಗೆ ತಂದು, ಮುಂದಿನ ಸಂಚಿಕೆಯಿಂದಲಾದರೂ ಒಂದು ಪ್ರತಿಯನ್ನು ಬಾಸ್ಟನ್ ಸ್ಪಾಗೆ ಕಳಿಸುವ ಪರಿಪಾಠ ಆರಂಭಿಸಬೇಕು.