ಕೈಗಡಿಯಾರದ ಮುಖದಲ್ಲಿ ಚರಿತ್ರೆ

ಕೈಗಡಿಯಾರವೆಂದರೆ ವಿಲಾಯತಿ ಒಡವೆಯೆಂಬ ಭಾವನೆ ನಮ್ಮಲ್ಲಿ ಬಹುಕಾಲವಿತ್ತು. ಅದನ್ನು ಬದಲಿಸಿದ್ದು ಬೆಂಗಳೂರು. 1953ರಲ್ಲಿ ಸ್ಥಾಪಿತವಾದ ಹಿಂದುಸ್ತಾನ್ ಮೆಷಿನ್ ಟೂಲ್ಸ್, ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ 1961ರಲ್ಲಿ ಅಲ್ಲಿ ಕೈಗಡಿಯಾರಗಳ ತಯಾರಿಕೆಗೆ ತೊಡಗಿತು. ದಿನವೂ ಕೀಲಿ ಕೊಡಬೇಕಾದ ‘ಜನತಾ’ ನಮ್ಮ ಉಡುಪಿ, ಕಾರ್ಕಳಗಳ ಶಾಲಾ ಮಾಸ್ತರರ ಮಣಿಕಟ್ಟನ್ನೂ ಅಲಂಕರಿಸಿತು.

2016ರಲ್ಲಿ ಕೇಂದ್ರ ಸರ್ಕಾರವು ಆ ಗಡಿಯಾರ ಕಂಪೆನಿಯನ್ನು ಮುಚ್ಚಲು ನಿರ್ಧರಿಸಿತು. ತಯಾರಿಕೆ ನಿಂತಂತೆ ಸಂಗ್ರಾಹಕರ ಹಂಬಲ ಹೆಚ್ಚಿತು. ಅದರ ಬೆನ್ನಿಗೇ ಕೇಡೂ ಬಂದಿತು. ಮಾಸಿದ ಡಯಲಿಗೆ ಹೊಸ ಬಣ್ಣ ಬಳಿಯುವುದು, ಒಂದರ ಯಂತ್ರವನ್ನು ಇನ್ನೊಂದರ ಕವಚದೊಳಗಿಟ್ಟು ಮಾರುವುದು ರೂಢಿಯಾಯಿತು.

ಓಲೆಗರಿಯ ಪ್ರತಿಗಳನ್ನು ಬಲ್ಲವರಿಗೆ ಈ ಸಂಕಟ ಹೊಸದಲ್ಲ. ಲಿಪಿಕಾರನು ತಿದ್ದಿದ ಪಾಠ ಓದಲು ಸುಗಮ; ಆದರೆ ಅದು ಕವಿಯದಲ್ಲ. 1432ರಲ್ಲಿ ಪ್ರತಿಷ್ಠೆಗೊಂಡ ಕಾರ್ಕಳದ ಗೊಮ್ಮಟನ ಮೈಮೇಲಿನ ಮಳೆಬಿಸಿಲುಗಳ ಗುರುತನ್ನು ಉಳಿಯಿಂದ ಕೆತ್ತಿ ತೆಗೆಯಬೇಕೆಂದು ಯಾರಾದರೂ ಬಯಸುವರೇ?

ಆದುದರಿಂದ ಕೇಳುಗರಲ್ಲಿ ಒಂದು ವಿನಂತಿ. ತಂದೆಯವರ ಹಳೆಯ ಗಡಿಯಾರ ಪೆಟ್ಟಿಗೆಯಲ್ಲಿದ್ದರೆ ಬಲ್ಲವರಿಂದ ಬಿಚ್ಚಿಸಿ, ತೊಳೆಸಿ, ಎಣ್ಣೆ ಹಾಕಿಸಿರಿ. ಕಾಪುವಿನ ಉಪ್ಪುಗಾಳಿಯೂ ಅವರ ಬೆವರೂ ಕೂಡಿ ಬರೆದ ಕಲೆಯನ್ನು ಮಾತ್ರ ಅಳಿಸದಿರಿ. ಮುಳ್ಳುಗಳು ಈ ಹೊತ್ತನ್ನು ಹೇಳಲಿ. ಸಂದ ಹೊತ್ತನ್ನು ಹೇಳುವುದು ಆ ಕಲೆಯೇ.