ಮೇಲ್ಮುದ್ದೆಯ ಮನೆಗಳೂ ಕಿಲ್ಲಾರಿಯ ಪಾಠವೂ

ಕಟ್ಟಡಗಳ ಇತಿಹಾಸವೆಂದೊಡನೆ ನಮ್ಮ ಮನಸ್ಸು ಕೋಟೆಕೊತ್ತಲಗಳತ್ತ, ಗುಡಿಗೋಪುರಗಳತ್ತ ಓಡುತ್ತದೆ. ನಾವು ಹುಟ್ಟಿ ಬೆಳೆದ ಮೇಲ್ಮುದ್ದೆಯ ಮನೆಗೂ ಒಂದು ಇತಿಹಾಸವುಂಟು. ಅದರ ಅತಿ ದಾರುಣವಾದ ಪುಟವು ನಮ್ಮ ಅಕ್ಕಲಕೋಟೆ ಸೀಮೆಗೆ ದೂರವಲ್ಲದ ಕಿಲ್ಲಾರಿಯಲ್ಲಿ ತೆರೆಯಿತು.

1993ರ ಸೆಪ್ಟೆಂಬರ್ 30. ಗಣೇಶ ವಿಸರ್ಜನೆಯನ್ನು ಮುಗಿಸಿ ಜನರು ಮಲಗಿದ್ದರು. ಬೆಳಗಿನ ಜಾವ ನಾಲ್ಕು ಗಂಟೆಗೆ ಕೆಲವೇ ನಿಮಿಷಗಳಿರುವಾಗ ಭೂಮಿ ನಡುಗಿತು. ಲಾತೂರು, ಉಸ್ಮಾನಾಬಾದು (ಇಂದಿನ ಧಾರಾಶಿವ) ಜಿಲ್ಲೆಗಳಲ್ಲಿ ಸುಮಾರು 8,000 ಜನರು ಮಡಿದರು. ಕಂಪನದ ಪ್ರಮಾಣ 6.2, ಲೋಕದ ಮಹಾಕಂಪಗಳ ಮುಂದೆ ಇದು ಮಧ್ಯಮ ತರದ್ದು. ಹಾಗಾದರೆ ಇಷ್ಟು ಜನರನ್ನು ಬಲಿಗೊಂಡುದು ಯಾವುದು? ನೆಚ್ಚಿದ ಮನೆಯೇ.

ಹಿರಿಯರು ಎರಡು ಮೂರು ಅಡಿ ದಪ್ಪದ ಗೋಡೆಯನ್ನು ಕಟ್ಟುತ್ತಿದ್ದರು. ಒಳಗೊಂದು, ಹೊರಗೊಂದು ಕಲ್ಲಿನ ಸಾಲು. ನಡುವೆ ಚೂರುಗಲ್ಲು, ಮಣ್ಣು. ಎರಡು ಸಾಲುಗಳನ್ನೂ ಬಿಗಿಯುವ ಉದ್ದಗಲ್ಲುಗಳು ವಿರಳ. ಮೇಲೆ ಜಂತಿ, ಅದರ ಮೇಲೆ ಮಣ್ಣು. ಸೋರದಿರಲೆಂದು ಮಳೆಗಾಲಕ್ಕೆ ಮುನ್ನ ಹಾಕುತ್ತ ಬಂದ ಮಣ್ಣು ತಲೆಮಾರುಗಳಲ್ಲಿ ಒಂದೆರಡು ಅಡಿಯಾಗಿ ಬೆಳೆಯುತ್ತಿತ್ತು. ಬಿಸಿಲಿಗೆ ತಂಪಾದ ಈ ಮನೆಯು ನೆಲ ಅಲುಗಿದಾಗ ಗೋಡೆ ಸೀಳಿ ಕುಸಿಯಿತು. ಮರದ ಕಂಬಗಳೇ ಮಾಳಿಗೆಯನ್ನು ಹೊತ್ತಿದ್ದ ಕೆಲವು ಮನೆಗಳಲ್ಲಿ ಗೋಡೆ ಬಿದ್ದರೂ ಮಾಳಿಗೆ ನಿಂತು, ಜೀವಗಳು ಉಳಿದವು.

ಭೂಕಂಪ ವಿಷಯದ ಭಾರತೀಯ ಮಾನಕವು 1962ರಲ್ಲಿಯೇ ಬಂದಿತ್ತು. ಆದರೆ 1993ರ ವೇಳೆಗೆ ಜಾರಿಯಲ್ಲಿದ್ದ ನಕಾಶೆಯಲ್ಲಿ ಕಿಲ್ಲಾರಿಯ ನೆಲವು ಅತ್ಯಲ್ಪ ಅಪಾಯದ ವಲಯದಲ್ಲಿತ್ತು. 2002ರ ಪರಿಷ್ಕರಣದಲ್ಲಿ ಆ ಮೊದಲನೆಯ ವಲಯವನ್ನೇ ತೆಗೆದುಹಾಕಿ, ಕಿಲ್ಲಾರಿಯ ಪ್ರದೇಶವನ್ನು ಮೂರನೆಯ ವಲಯಕ್ಕೆ ಸೇರಿಸಲಾಯಿತು. ಮಣ್ಣುಗಾರೆಯ ಕಲ್ಲುಮನೆಗಳಿಗಾಗಿ ಮಾನಕ ಸಂಸ್ಥೆಯು 13828ನೆಯ ಸಂಖ್ಯೆಯ ಮಾನಕವನ್ನೂ, ಹಳೆಯ ಮನೆಗಳ ದುರಸ್ತಿಗಾಗಿ 13935ನೆಯದನ್ನೂ ಪ್ರಕಟಿಸಿದ್ದು ಆ 1993ರಲ್ಲಿಯೇ!

ಅವುಗಳ ಸಾರವು ಸರಳ. ಹೊಸ ಕಲ್ಲುಗೋಡೆ ಒಂದೂವರೆ ಅಡಿಗಿಂತ ದಪ್ಪವಾಗಬಾರದು. ಎತ್ತರದಲ್ಲಿ ಎರಡೆರಡು ಅಡಿಗೆ, ಉದ್ದದಲ್ಲಿ ಹೆಚ್ಚೆಂದರೆ ನಾಲ್ಕು ಅಡಿಗೆ ಒಂದರಂತೆ ಗೋಡೆಯ ಪೂರ್ಣ ದಪ್ಪವನ್ನು ಹಿಡಿಯುವ ಉದ್ದಗಲ್ಲು ಇರಬೇಕು. ಹಳೆಯ ಗೋಡೆಯಾದರೆ ಅಲ್ಲಲ್ಲಿ ಕಲ್ಲು ತೆಗೆದು, ಕಬ್ಬಿಣದ ಕೊಂಡಿಯಿಟ್ಟು ಕಾಂಕ್ರೀಟು ತುಂಬಬಹುದು. ಬಾಗಿಲ ನೆತ್ತಿಯ ಮಟ್ಟದಲ್ಲಿ ಮನೆಯ ಸುತ್ತ ಪಟ್ಟಿ ಬಿಗಿಯಬಹುದು. ಮಾಳಿಗೆಯ ಮಣ್ಣಿನ ಭಾರವನ್ನಂತೂ ಇಳಿಸಲೇಬೇಕು.

ಭೂಕಂಪದ ತರುವಾಯ 52 ಹಳ್ಳಿಗಳು ಹೊಸ ನೆಲೆಗೆ ಹೋದವು. ನಮ್ಮ ಓಣಿಗಳಲ್ಲಿಯಾದರೋ ಹಳೆಯ ಮನೆಗಳು ಇನ್ನೂ ಇವೆ. ಗ್ರಂಥದಲ್ಲಿರುವ ಮಾನಕವು ತಾನಾಗಿ ಯಾರ ಗೋಡೆಯನ್ನೂ ಬಿಗಿಯದು. ಹಿರಿಯರ ಮನೆಯನ್ನು ಹಳಿಯುವುದೂ ಬೇಡ, ಪೂಜಿಸುವುದೂ ಬೇಡ. ಬರುವ ಮಳೆಗಾಲಕ್ಕೆ ಮುನ್ನ ಮಾಳಿಗೆಗೆ ಇನ್ನೊಂದು ಬುಟ್ಟಿ ಮಣ್ಣು ಹೊರುವಾಗ ಕ್ಷಣಕಾಲ ನಿಂತು, ಅದರ ಕೆಳಗೆ ಮಲಗುವ ಮಕ್ಕಳನ್ನು ನೆನೆಯೋಣ.